ತೊಳೆದ ಕಾಲಿಗೆ ಪನ್ನೀರು

ಈ ಸಲ ಪವಿತ್ರ ಗುರುವಾರದ ಹಿಂದಿನ ಮಧ್ಯಾಹ್ನ ಯೇಸುಸ್ವಾಮಿಯ ಶಿಷ್ಯರು ನನ್ನ ಬ್ಯೂಟಿ ಪಾರ್ಲರಿಗೆ ಬಂದು, ಪ್ಯಾಂಟು ಮಡಚಿಕೊಂಡು, ಬಿಸಿನೀರಿನ ಟಬ್ಬಿನಲ್ಲಿ ಕಾಲು ನೆನೆಹಾಕಿಕೊಂಡು ಕೂತಿದ್ದರು.

ತಮಾಷೆಗೆ ಹೇಳುತ್ತಿಲ್ಲ. ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಶಿಲುಬೆಗೆ ಏರುವ ಹಿಂದಿನ ಸಂಜೆ ಯೇಸು ಊಟದ ಮಧ್ಯೆ ಎದ್ದು, ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ಟವೆಲ್ಲು ಕಟ್ಟಿಕೊಂಡು, ಹನ್ನೆರಡು ಜನ ಶಿಷ್ಯರ ಕಾಲು ತೊಳೆದ. ಆ ಕಾಲದಲ್ಲಿ ಅದು ಆಳು ಮಾಡುವ ಕೆಲಸ. ಗುರುವಾದವನು ಆಳಿನ ಕೆಲಸ ಮಾಡಿ ತೋರಿಸಿ, ನೀವೂ ಒಬ್ಬರಿಗೊಬ್ಬರು ಹೀಗೇ ಮಾಡಿ ಎಂದ. ಆ ನೆನಪಿಗೆ ಪ್ರತಿ ವರ್ಷ ಆ ಗುರುವಾರ ಸಂಜೆಯ ಪೂಜೆಯಲ್ಲಿ ಸ್ವಾಮಿಗಳು, ಅಂದರೆ ನಮ್ಮ ಪಾದ್ರಿಗಳು, ಹನ್ನೆರಡು ಜನರನ್ನು ಪೀಠದ ಮುಂದೆ ಕೂರಿಸಿ ಅವರ ಬಲಗಾಲು ತೊಳೆದು, ಒರೆಸಿ, ಮುತ್ತಿಡುತ್ತಾರೆ. ಹಬ್ಬದ ಅರ್ಥ ಇಷ್ಟೇ. ಹಾಲು ಕುಡಿಯುವ ಮಗುವಿಗೂ ತಿಳಿಯುತ್ತದೆ. ತಿಳಿಯಬಾರದು ಅಂದರೆ ಚರ್ಚಿನ ಸಮಿತಿಗೆ ಉಪಾಧ್ಯಕ್ಷರಾಗಬೇಕು.

ನಮ್ಮ ಉಪಾಧ್ಯಕ್ಷರ ಹೆಸರು ದಿವ್ಯಕುಮಾರ್. ಬನ್ನಿಮಂಟಪದ ಹಿಂದಿರುವ ನಮ್ಮ ಪುಟ್ಟ ಚರ್ಚಿನಲ್ಲಿ ಫ್ಯಾನು ತಿರುಗಬೇಕಾದರೂ ಅವರ ಅಪ್ಪಣೆ ಬೇಕು. ಪೂಜೆಗೆ ತಡವಾಗಿ ಬಂದು, ಹಿಂದಿನ ಬೆಂಚು ಖಾಲಿ ಇದ್ದರೂ ಎಲ್ಲರ ಮಧ್ಯೆ ನಡೆದು ಮುಂದಿನ ಬೆಂಚಿಗೇ ಹೋಗುವ ಜನ ಇರುತ್ತಾರಲ್ಲ, ಆ ಜಾತಿ. ದೇವರ ಮುಂದೆ ಮಂಡಿಯೂರುವಾಗ ಮೊದಲು ಕರ್ಚೀಫು ಹಾಸುತ್ತಾರೆ. ಹೋದ ವರ್ಷ ಅವರಿಗೆ ಟೈಲ್ಸ್ ಹುಚ್ಚು ಹಿಡಿದಿತ್ತು, ಈ ವರ್ಷ ಯೂಟ್ಯೂಬ್ ಹಿಡಿದಿದೆ.

ಆ ಗುರುವಾರಕ್ಕೆ ಮುಂಚಿನ ಗರಿಗಳ ಭಾನುವಾರದ ಪೂಜೆ ಮುಗಿದ ಮೇಲೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡರು.

“ಮೇರಿ, ಈ ಸಲ ಕಾಲು ತೊಳೆಯೋದು ಲೈವ್ ಹೋಗುತ್ತೆ. ದುಬೈ, ಕುವೈತು, ಎಲ್ಲ ಕಡೆ ನಮ್ಮೋರು ನೋಡ್ತಾರೆ. ಕ್ಯಾಮೆರಾ ಸೀದಾ ಕಾಲಿಗೇ ಬರುತ್ತೆ, ಕ್ಲೋಸಪ್ಪು. ಹೋದ ವರ್ಷದ ಫೋಟೋ ನೋಡಿದ್ಯಾ? ಒಬ್ಬೊಬ್ಬರ ಹಿಮ್ಮಡಿ ಒಣಗಿದ ಕೆರೆ ಥರ ಬಿರುಕು ಬಿಟ್ಟಿತ್ತು. ಎಲ್ಲರಿಗೂ ನೀಟಾಗಿ ಒಂದೊಂದು ಪೆಡಿಕ್ಯೂರ್ ಮಾಡ್ಬಿಡಮ್ಮ.”

“ತೊಳೆಯಕ್ಕೆ ಅಂತ ಕೂರ್ಸೋ ಕಾಲ್ನ ನಾನೇ ಮೊದ್ಲು ತೊಳೆದ್ಬುಟ್ರೆ ಸ್ವಾಮಿಗಳಿಗೆ ಏನ್ ಸಾರ್ ಕೆಲ್ಸ?”

“ಅದು ಸಿಂಬಾಲಿಕ್ ಕಣಮ್ಮ. ನಿಂಗೆ ಅರ್ಥ ಆಗಲ್ಲ.”

ಸಿಂಬಾಲಿಕ್. ನನ್ನ ಓದು ಏಳನೇ ಕ್ಲಾಸಿಗೆ ನಿಂತಿತು, ಆಮೇಲಿನದೆಲ್ಲ ಪಾರ್ಲರಿನ ಹಳೇ ಮ್ಯಾಗಜೀನುಗಳಲ್ಲಿ, ಗಿರಾಕಿಗಳ ಬಾಯಲ್ಲಿ ಕಲಿತದ್ದು. ಆದರೂ ಈ ಪದ ನನಗೆ ಚೆನ್ನಾಗಿ ಗೊತ್ತು. ಮಾಡಬೇಕಾದ ಕೆಲಸ ಮಾಡದೇ, ಮಾಡಿದ ಹಾಗೆ ಕಾಣಿಸಿಕೊಳ್ಳುವುದಕ್ಕೆ ದೊಡ್ಡವರು ಇಟ್ಟಿರುವ ಹೆಸರು ಅದು.

ಒಪ್ಪಿಕೊಂಡೆ. ಯಾಕೆ ಅಂದರೆ ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ತಪಸ್ಸುಕಾಲದ ನಲವತ್ತು ದಿನ ನಮ್ಮ ಹೆಂಗಸರು ಹುಬ್ಬು ಕೂಡ ತೆಗೆಸುವುದಿಲ್ಲ, ಅಂಗಡಿ ನೊಣ ಹೊಡೆಯುತ್ತಿರುತ್ತದೆ. ನನ್ನ ಪಾರ್ಲರಿನ ಬೋರ್ಡಿನಲ್ಲಿ ‘ಮಹಿಳೆಯರಿಗೆ ಮಾತ್ರ’ ಎಂದು ಇರುವುದರಿಂದ ಶಿಷ್ಯರು ಬುಧವಾರ ಮಧ್ಯಾಹ್ನ, ಅರ್ಧ ಎಳೆದ ಷಟರಿನ ಕೆಳಗೆ ಒಬ್ಬೊಬ್ಬರಾಗಿ ಬಗ್ಗಿ, ಕಳ್ಳರ ಹಾಗೆ ಒಳಗೆ ಬಂದರು. ಗಂಡಸರೇ ಎಲ್ಲ. ಹೆಂಗಸರ ಕಾಲೂ ತೊಳೆಯಬಹುದು ಎಂದು ರೋಮಿನಿಂದ ಅಪ್ಪಣೆಯಾಗಿ ಎಷ್ಟೋ ವರ್ಷವಾಯಿತು. ರೋಮಿನಿಂದ ಬನ್ನಿಮಂಟಪಕ್ಕೆ ದಾರಿ ದೂರ ನೋಡಿ, ಇನ್ನೂ ತಲುಪಿಲ್ಲ.

ನನ್ನ ಜೊತೆ ಕೆಲಸ ಮಾಡುವ ಪುಟ್ಟಲಿಂಗಮ್ಮ ಟಬ್ಬಿಗೆ ನೀರು ತುಂಬುತ್ತಾ ನನ್ನ ಕಿವಿಯ ಹತ್ತಿರ ಬಂದಳು. ಚರ್ಚಿನವರಿಗೆ ಮೇರಿಯಾದ ನಾನು, ಲೂರ್ದ್ ಮೇರಿ, ಅವಳಿಗೆ ಲೂರ್ದಕ್ಕ. ಅವಳದು ಪಿಸುಮಾತು ಅಂದರೆ ಬೀದಿಗೆ ಕೇಳುವ ಪಿಸುಮಾತು.

“ಲೂರ್ದಕ್ಕ, ನಾಳೆ ತೊಳೆಯೋ ಕಾಲ್ನ ಇವತ್ಯಾಕೆ ತೊಳೀತಾವ್ರೆ?”

“ನಾಳೆ ಕೊಳೆ ಕಾಣಬಾರ್ದಂತೆ.”

“ಕೊಳೆ ಇಲ್ದಿದ್ರೆ ತೊಳೆಯೋದು ಯಾಕೆ?”

“ಸಿಂಬಾಲಿಕ್ ಕಣೇ.”

“ಓ, ನಮ್ಮಲ್ಲೂ ಐತೆ ಬುಡು. ಧಾರೆ ಟೇಮಲ್ಲಿ ಅಳಿಯನ ಕಾಲ ತೊಳೀತಾರಲ್ಲ, ಅವನೂ ಸೋಪಾಕಿ ತೊಳ್ಕಂಡೇ ಬಂದಿರ್ತಾನೆ. ಆಮ್ಯಾಕೆ ಜೀವಮಾನ ಪೂರ್ತಿ ಮಾವನ ಮನೇವ್ರೇ ಅವನ ಕಾಲ ಇಡ್ಕಬೇಕು.”

ಇತ್ತ ಶಿಷ್ಯರಲ್ಲಿ ಕುರ್ಚಿಯ ಜಗಳ ಶುರುವಾಗಿತ್ತು. ಬೈಬಲ್ಲಿನ ಕಾಲದಲ್ಲೂ ಶಿಷ್ಯರು ಯಾರು ದೊಡ್ಡವರು ಎಂದು ಜಗಳವಾಡಿದ್ದರಂತೆ, ಆ ಒಂದು ವಿಷಯದಲ್ಲಿ ನಮ್ಮವರು ಸಂಪ್ರದಾಯ ಬಿಟ್ಟಿಲ್ಲ. ದಿವ್ಯಕುಮಾರರು ಚರ್ಚಿನಲ್ಲಿ ಹಾಕುವ ಹನ್ನೆರಡು ಕುರ್ಚಿಗೂ ಒಬ್ಬೊಬ್ಬ ಶಿಷ್ಯನ ಹೆಸರಿನ ಚೀಟಿ ಅಂಟಿಸಿದ್ದರು. ಮೊದಲನೆಯದು ಎಲ್ಲರಿಗೂ ಹಿರಿಯನಾದ ಪೇತ್ರನದು. ಅದರಲ್ಲಿ ತಾವೇ ಕೂರುತ್ತಾರೆ, ಕೇಳುವ ಹಾಗೇ ಇಲ್ಲ. ಕೊನೆಯದು ಯೂದಾಸನದು, ಮೂವತ್ತು ಬೆಳ್ಳಿ ಕಾಸಿಗೆ ಗುರುವನ್ನು ಹಿಡಿದುಕೊಟ್ಟವನದು. ಆ ಕುರ್ಚಿ ಯಾರಿಗೂ ಬೇಡ.

“ನಂಗ್ಬೇಡಪ್ಪ,” ಎಂದರು ಟಬ್ಬಿನಲ್ಲಿ ಕಾಲಿಟ್ಟಿದ್ದ ಸೈಟು ಬ್ರೋಕರು. “ಯೂದಾಸನ ಕುರ್ಚೀಲಿ ಕೂತಿದ್ದನ್ನ ನೋಡುದ್ರೆ ನಾಳೆ ಯಾವನ್ ಸಾರ್ ನಂಗೆ ಅಡ್ವಾನ್ಸ್ ಕೊಡ್ತಾನೆ?”

“ನಮ್ಮತ್ತೆ ಮನೇವ್ರು ಕುವೈತಲ್ಲಿ ನೋಡ್ತಿರ್ತಾರೆ ಕಣ್ರೀ,” ಎಂದರು ಇನ್ನೊಬ್ಬರು. “ಅವ್ರು ಮೊದ್ಲಿಂದ್ಲೂ ನನ್ನ ಅಂಗೇ ಕರೆಯೋದು.”

ಎಲ್ಲರೂ ನಕ್ಕರು. ದಿವ್ಯಕುಮಾರರು ನಗಲಿಲ್ಲ. ಅವರ ಹೆಬ್ಬೆರಳಿನ ಪಕ್ಕ ಒಂದು ಆಣಿ ಇತ್ತು, ನಾನು ಅದನ್ನೇ ಕೆರೆಯುತ್ತಿದ್ದೆ.

“ಮೇರಿ,” ಎಂದರು, “ನಿಮ್ಮ ಚಿಕ್ಕಪ್ಪನ್ನ ಕೂರಿಸೋಣ. ಪಾಪ, ಎಷ್ಟು ವರ್ಷದಿಂದ ಕೇಳ್ತಾನೇ ಇದ್ದಾನೆ.”

ಚಿಕ್ಕಪ್ಪ ಕೇಳುತ್ತಲೇ ಇದ್ದದ್ದು ನಿಜ. ಅವನು ನಮ್ಮ ಅಪ್ಪನ ತಮ್ಮ, ಹೆಸರು ರಾಯಪ್ಪ, ಈಗ ನನ್ನ ಮನೆಯಲ್ಲೇ, ಪಾರ್ಲರಿನ ಹಿಂದಿನ ಕೋಣೆಯಲ್ಲೇ ಇರುವುದು. ಕೈಕಾಲು ಗಟ್ಟಿಯಿದ್ದಾಗ ನಜರ್‌ಬಾದಿನಲ್ಲಿ ಸೈಕಲ್ ರಿಪೇರಿ ಮಾಡಿಕೊಂಡು, ಬೆಳಿಗ್ಗೆ ಸಂಜೆ ನಡೆದು ಬಂದು ಚರ್ಚಿನ ಗಂಟೆ ಹೊಡೆಯುತ್ತಿದ್ದ. ಕಾಲು ತೊಳೆಯುವ ಗುರುವಾರ ನೀರು ಹದವಾಗಿ ಬಿಸಿ ಮಾಡಿ, ಹಿತ್ತಾಳೆ ಕೊಳದಪ್ಪಲೆಯಲ್ಲಿ ಹೊತ್ತು ತಂದು, ಸ್ವಾಮಿಗಳ ಪಕ್ಕ ಟವೆಲ್ಲು ಹಿಡಿದು ನಿಲ್ಲುವವನು ಅವನೇ. ಎಷ್ಟು ಜನ ಸ್ವಾಮಿಗಳು ಬಂದು ಹೋದರೋ, ಅವನ ಕೈಯ ನೀರಿನಲ್ಲಿ ಊರವರ ಕಾಲೆಲ್ಲ ತೊಳೆದರು. ಅವನ ಕಾಲು ತೊಳೆಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ತಮಾಷೆ ಏನು ಗೊತ್ತೇ? ರಾಯಪ್ಪ ಅಂದರೆ ನಮ್ಮ ಹಳಬರ ಬಾಯಲ್ಲಿ ಪೇತ್ರನೇ. ಪೇತ್ರನ ಹೆಸರಿಟ್ಟುಕೊಂಡವನಿಗೆ ಯೂದಾಸನ ಕುರ್ಚಿ.

ನಾನು ಬೇಡ ಅನ್ನುವುದರಲ್ಲಿದ್ದೆ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಚಿಕ್ಕಪ್ಪನೇ ಕೂಗಿದ.

“ಕೂರ್ತೀನಿ ಸಾರ್! ಯಾವ್ ಕುರ್ಚಿ ಆದ್ರೇನು? ಯೂದಾಸನ ಕಾಲೂ ತೊಳೆದ್ರು ತಾನೆ ಯೇಸುಸ್ವಾಮಿ? ಇಂಥೋನು ಅಂತ ಗೊತ್ತಿದ್ದೇ ತೊಳೆದ್ರು.”

ಆ ಖುಷಿಗೆ ಕಾರಣ ಬೇರೆ ಇತ್ತು, ಅದು ನನಗೂ ಪುಟ್ಟಲಿಂಗಮ್ಮನಿಗೂ ಮಾತ್ರ ಗೊತ್ತು. ಸಕ್ಕರೆ ಕಾಯಿಲೆ ಅವನ ಬಲಗಾಲಿನ ಎರಡು ಬೆರಳನ್ನು ಮೊದಲೇ ತಿಂದಿತ್ತು. ಈಗ ಡಾಕ್ಟರು ಮಂಡಿಯ ಕೆಳಗಿಂದ ಇಡೀ ಕಾಲನ್ನೇ ತೆಗೆಯಬೇಕು ಎಂದಿದ್ದರು. “ಪಾಸ್ಕ ಹಬ್ಬ ಒಂದು ಕಳೀಲಿ ಡಾಕ್ಟ್ರೇ,” ಎಂದು ಇವನು ಬಂದುಬಿಟ್ಟಿದ್ದ. ಸೋಮವಾರ ಆಸ್ಪತ್ರೆಗೆ ಸೇರಬೇಕು. “ಈ ಕಾಲು ಓಗೋಕ್ ಮುಂಚೆ ಒಂದ್ಸಲ ಪೀಠದ ಮುಂದೆ ತೊಳೆಸ್ಕೊಂಡ್ರೆ ಸಾಕು ಕಣವ್ವ,” ಎಂದು ಆ ವಾರವೆಲ್ಲ ಒಂದೇ ರಾಗ. “ಸುಮ್ನೆ ಕಸದ ಜೊತೆ ಓಗ್ಬಾರ್ದು ಅದು. ಬಾಳ ನಡೆದೈತೆ.”

ಗೋಡೆ ಹಿಡಿದುಕೊಂಡು ಅವನು ಹೊರಗೆ ಬಂದ. ದಿವ್ಯಕುಮಾರರ ಕಣ್ಣು ಅವನ ಮುಖ ಬಿಟ್ಟು ಸೀದಾ ಕಾಲಿಗೆ ಹೋಯಿತು. ಕಪ್ಪಾದ ಪಾದ, ಎರಡು ಬೆರಳಿನ ಜಾಗದಲ್ಲಿ ಮುಚ್ಚಿಕೊಂಡ ಗಂಟು. ಅಷ್ಟು ಹೊತ್ತು ನನ್ನ ಕೈಯಲ್ಲಿ ಹಾಯಾಗಿ ಮಲಗಿದ್ದ ಅವರ ಕಾಲು ಟಬ್ಬಿನ ನೀರಿನಲ್ಲೇ ಮುದುಡಿಕೊಂಡಿತು. ಮನುಷ್ಯನ ಮುಖ ನಾಟಕ ಮಾಡುತ್ತದೆ, ಕಾಲಿಗೆ ಅದು ಬರುವುದಿಲ್ಲ.

ಎಲ್ಲರೂ ಹೋದ ಮೇಲೆ ದಿವ್ಯಕುಮಾರರು ನನ್ನನ್ನು ಷಟರಿನ ಆಚೆ ಕರೆದರು.

“ಮೇರಿ, ಸ್ವಲ್ಪ ಸೆನ್ಸಿಟಿವ್ ವಿಷಯ. ಕೂರಲಿ, ಬೇಡ ಅನ್ನಲ್ಲ. ಆದ್ರೆ ಆ ಕಾಲು... ಲೈವಲ್ಲಿ ಚಿಕ್ಕ ಮಕ್ಕಳು ನೋಡ್ತಾರೆ. ಬಲಗಾಲಿಗೆ ಒಂದು ಬಿಳೀ ಸಾಕ್ಸ್ ಹಾಕ್ಬಿಡು. ಸ್ವಾಮಿಗಳು ಬಂದಾಗ ಎಡಗಾಲು ಚಾಚಲಿ. ಯಾವ ಕಾಲಾದ್ರೇನು, ಭಕ್ತಿ ಮುಖ್ಯ.”

“ಭಕ್ತಿ ಮುಖ್ಯ ಆದ್ರೆ ನಿಮ್ಮ ಆಣಿ ಯಾಕೆ ಕೆರೆಸ್ಕೊಂಡ್ರಿ ಸಾರ್?”

“ನೋಡಮ್ಮ, ನಿನ್ನ ನಾಲಿಗೆ ಒಂದು ಸರಿ ಇದ್ದಿದ್ರೆ ಈ ಅಂಗಡಿ ಇಷ್ಟೊತ್ತಿಗೆ ಎಲ್ಲಿಗೋ ಹೋಗಿರೋದು,” ಎಂದು ಹೇಳಿ ಅವರು ಕಾರು ಹತ್ತಿದರು. ಹೊಸ ಕಾಲಿಗೆ ಧೂಳು ತಾಗದ ಹಾಗೆ ಕಾರಿನವರೆಗೆ ನನ್ನ ಪಾರ್ಲರಿನ ಚಪ್ಪಲಿಯನ್ನೇ ಮೆಟ್ಟಿಕೊಂಡು ಹೋದರು. ಅದು ಈವತ್ತಿಗೂ ವಾಪಸು ಬಂದಿಲ್ಲ.

ಚಿಕ್ಕಪ್ಪನಿಗೆ ವಿಷಯ ಹೇಳಿದೆ. ಅವನು ಎರಡೂ ಕಾಲನ್ನು ನೋಡಿಕೊಂಡ, ಒಂದು ನೋಡಿ ಇನ್ನೊಂದು ನೋಡಿ.

“ಎಡಗಾಲು ಉಳಿಯೋ ಕಾಲು ಕಣವ್ವ,” ಎಂದ. “ಅದಕ್ಕೇನು ಅವಸರ?”

“ಎಡಗಾಲ್ನ ದೇವ್ರ ಮುಂದೆ ಚಾಚದಾ?” ಪುಟ್ಟಲಿಂಗಮ್ಮ ಬಾಯಿ ಹಾಕಿದಳು. “ಎಡಗಾಲಿಕ್ಕಿ ಒಸ್ಲು ದಾಟುದ್ರೆ ನಮ್ಮತ್ತೆ ಸೌಟು ತಗತಿದ್ಲು. ಓದಿರೋವ್ರಿಗೆ ಅಷ್ಟೂ ತಿಳೀದಾ?”

“ಹೋಗೋದೇ ಬೇಡ ಬಿಡು ಚಿಕ್ಕಪ್ಪ,” ಎಂದೆ. “ಇವರ ಹತ್ರ ತೊಳೆಸ್ಕೊಂಡು ಏನಾಗಬೇಕು? ನಾನೇ ತೊಳೀತೀನಿ.”

“ನೀನು ದಿನಾ ತೊಳಿಯೋಳು. ನೀನು ತೊಳೆದ್ರೆ ಸ್ನಾನ. ಅಲ್ಲಿ ತೊಳೆದ್ರೆ ಹಬ್ಬ.” ಆಮೇಲೆ ನನ್ನ ಮುಖ ನೋಡಿ, “ಸಾಕ್ಸು ತಾ, ಹಾಕ್ಕೋತೀನಿ,” ಎಂದ. ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ನನಗೆ ಅವನ ಮೇಲೂ ತಾತ್ಸಾರ ಬಂತು, ಸುಳ್ಳು ಯಾಕೆ ಹೇಳಲಿ.

ಗುರುವಾರ ಸಂಜೆ ಚರ್ಚಿಗೆ ಹೋದರೆ ಅದು ಮದುವೆ ಮನೆಯೋ ಏನೋ ಅನ್ನಿಸಬೇಕು. ಪೀಠದ ಮುಂದೆ ಹನ್ನೆರಡು ಕುರ್ಚಿಗೂ ಬಿಳೀ ಬಟ್ಟೆ, ಬೆನ್ನಿಗೆ ಬಂಗಾರ ಬಣ್ಣದ ರಿಬ್ಬನ್ನು. ಅಂಗಳದಲ್ಲಿ ದೊಡ್ಡ ಪರದೆ. ಚಿಕ್ಕಪ್ಪನ ಹಿತ್ತಾಳೆ ಕೊಳದಪ್ಪಲೆ ಎಲ್ಲೂ ಕಾಣಲಿಲ್ಲ. ಅದರ ಬದಲು ಟೀ ಕೆಟಲಿನಷ್ಟೇ ಇರುವ ಬೆಳ್ಳಿ ಹೂಜಿ, ಅದರ ತುಂಬ ಪನ್ನೀರು. ತೊಳೆದ ಕಾಲಿಗೆ ಇನ್ನೆಷ್ಟು ನೀರು ಬೇಕು ಎಂದು ದಿವ್ಯಕುಮಾರರು ಲೆಕ್ಕ ಹಾಕಿರಬೇಕು. ಅವರೋ, ಕೆನೆ ಬಣ್ಣದ ರೇಷ್ಮೆ ಜುಬ್ಬಾ ತೊಟ್ಟು ಮೊದಲನೇ ಕುರ್ಚಿಯಲ್ಲಿ ಕೂತಿದ್ದರು. ಎಡಗಾಲಿಗೆ ಮಿರಮಿರ ಮಿಂಚುವ ಬೂಟು, ಬಲಗಾಲು ಬರಿದು. ಆ ಬಲಗಾಲನ್ನು ಒಂದು ಪುಟ್ಟ ಮಣೆಯ ಮೇಲೆ ಮೂರ್ತಿ ಇಟ್ಟ ಹಾಗೆ ಇಟ್ಟುಕೊಂಡಿದ್ದರು. ನನ್ನ ಕೈಕೆಲಸ ಚೆನ್ನಾಗಿತ್ತು, ಆ ಮಾತು ಬೇರೆ.

ಹನ್ನೆರಡನೇ ಕುರ್ಚಿ ಕಂಬದ ಮರೆಯಲ್ಲಿತ್ತು. ಅದರಲ್ಲಿ ಚಿಕ್ಕಪ್ಪ, ಇಸ್ತ್ರಿ ಮಾಡಿದ ಹಳೇ ಷರ್ಟು, ಬಲಗಾಲಿಗೆ ಬಿಳೀ ಸಾಕ್ಸು.

ಸ್ವಾಮಿಗಳು ಹೊಸಬರು, ಚಿಕ್ಕ ವಯಸ್ಸು, ಒಳ್ಳೆಯವರೇ. ಆದರೆ ಬಂದಾಗಿನಿಂದ ಯಾವ ಮಾತಾಡಬೇಕಾದರೂ ಒಮ್ಮೆ ದಿವ್ಯಕುಮಾರರ ಮುಖ ನೋಡುವ ಅಭ್ಯಾಸವಾಗಿಬಿಟ್ಟಿತ್ತು ಅವರಿಗೆ. ಅವರು ಸೊಂಟಕ್ಕೆ ಟವೆಲ್ಲು ಕಟ್ಟಿಕೊಂಡು ಮೊದಲನೇ ಕುರ್ಚಿಗೆ ಬಂದರು. ಕ್ಯಾಮೆರಾದವನೂ ಮಂಡಿಯೂರಿದ. ದಿವ್ಯಕುಮಾರರ ಕಾಲಿಗೆ ಪನ್ನೀರು ಬಿತ್ತು, ಒಂದು ಸಲ ಅಲ್ಲ, ಎರಡು ಸಲ. ಮೊದಲನೆಯದು ಸರಿಯಾಗಿ ಶೂಟ್ ಆಗಲಿಲ್ಲವಂತೆ. ಹಾಡಿನವರು ಪ್ರೀತಿ, ಸೇವೆ, ದೀನತೆ ಎಂದು ಹಾಡುತ್ತಿದ್ದರು. ಆಮೇಲೆ ಸೈಟು ಬ್ರೋಕರು, ಆಮೇಲೆ ಕುವೈತಿನ ಅಳಿಯ. ಒಬ್ಬೊಬ್ಬರೂ ಕಾಲು ಚಾಚುವ ಚೆಂದವೇನು, ಕಣ್ಣು ಮುಚ್ಚಿ ಕ್ಯಾಮೆರಾ ಹುಡುಕುವ ಚೆಂದವೇನು!

ಕೊನೆಗೆ ಸ್ವಾಮಿಗಳು ಚಿಕ್ಕಪ್ಪನ ಮುಂದೆ ಬಗ್ಗಿದರು. ದಿವ್ಯಕುಮಾರರು ಕ್ಯಾಮೆರಾದವನಿಗೆ ಮೊದಲೇ ಹೇಳಿಟ್ಟಿದ್ದರು ಅಂತ ಕಾಣುತ್ತದೆ, ಅವನು ಅಲ್ಲಿಂದ ತಿರುಗಿ ಹಾಡುವವರ ಕಡೆ ನಡೆದ. ಚಿಕ್ಕಪ್ಪ ಎಡಗಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡ. ಬಲಗಾಲನ್ನು, ಸಾಕ್ಸಿನ ಸಮೇತ, ನೀರು ಬೀಳುವ ತಟ್ಟೆಯ ಮೇಲೆ ಚಾಚಿದ.

ಸ್ವಾಮಿಗಳು ಸಾಕ್ಸು ನೋಡಿದರು. ದಿವ್ಯಕುಮಾರರನ್ನು ನೋಡಿದರು. ದಿವ್ಯಕುಮಾರರು ದೂರದಿಂದಲೇ ಕೈಸನ್ನೆ ಮಾಡಿದರು, ಮುಗಿಸಿ ಮುಗಿಸಿ ಎಂದು. ಪಾಪ, ಆ ಹುಡುಗ ಸ್ವಾಮಿಗಳು ಗಾಬರಿಯಲ್ಲಿ ಏನು ಮಾಡಿದರು ಅಂದರೆ, ಹೂಜಿಯಲ್ಲಿ ಉಳಿದಿದ್ದ ಪನ್ನೀರನ್ನು ಸಾಕ್ಸಿನ ಮೇಲೇ ಸುರಿದರು. ಸಾಕ್ಸನ್ನು ತೊಳೆದರು! ಟವೆಲ್ಲಿನಿಂದ ಸಾಕ್ಸನ್ನು ಒರೆಸಿದರು. ಮುತ್ತಿಡಲು ಬಗ್ಗಿ, ಗಾಳಿಗೆ ಮುತ್ತಿಟ್ಟು, ಏಳುವುದರಲ್ಲಿದ್ದರು.

ಚಿಕ್ಕಪ್ಪ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಗ್ಗಿ, ಒದ್ದೆ ಸಾಕ್ಸನ್ನು ನಿಧಾನವಾಗಿ ಸುಲಿದ. ತಟ್ಟೆಯ ಮೇಲೆ ಅದನ್ನು ಹಿಂಡಿದ. ಕೊಡವಿ, ಯೂದಾಸನ ಕುರ್ಚಿಯ ಬಂಗಾರದ ರಿಬ್ಬನ್ನಿಗೆ ನೇತುಹಾಕಿದ. ಆಮೇಲೆ ಕಾಲನ್ನು ಮತ್ತೆ ಮುಂದಕ್ಕೆ ಚಾಚಿದ.

“ಕಾಲು ಒಳಗಿತ್ತು ಸ್ವಾಮಿ,” ಎಂದ.

ಗಂಟೆ ಹೊಡೆದು ಹೊಡೆದು ಮೆತ್ತಗೆ ಮಾತಾಡುವುದನ್ನೇ ಮರೆತವನ ದನಿ, ಇಡೀ ಚರ್ಚಿಗೆ ಕೇಳಿಸಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನೇ ಇರಬಹುದು.

ಸ್ವಾಮಿಗಳು ಆ ಕಾಲನ್ನು ನೋಡಿದರು. ಆ ಹೊತ್ತು ಅವರು ದಿವ್ಯಕುಮಾರರ ಕಡೆ ತಿರುಗಲಿಲ್ಲ. ಹೂಜಿ ಬಗ್ಗಿಸಿದರು, ಒಂದು ತೊಟ್ಟು ಬಿತ್ತು. ಅಲ್ಲಾಡಿಸಿದರು, ಅದೂ ಇಲ್ಲ.

“ನೀರು ತನ್ನಿ,” ಎಂದರು.

ಯಾರೂ ಅಲ್ಲಾಡಲಿಲ್ಲ. ಇಷ್ಟು ವರ್ಷ ಆ ಮಾತು ಕೇಳಿದರೆ ಏಳುತ್ತಿದ್ದವನು ಈ ಸಲ ಕುರ್ಚಿಯಲ್ಲಿ ಕೂತಿದ್ದನಲ್ಲ.

“ದಿವ್ಯಕುಮಾರ್ ಸಾರ್,” ಎಂದರು ಸ್ವಾಮಿಗಳು, ಕತ್ತೆತ್ತದೆ, ಮೈಕಿನಲ್ಲೇ. “ನೀರು.”

ಹೇಗೆ ಎದ್ದರು ಅನ್ನುತ್ತೀರಿ! ಒಂದು ಕಾಲಿಗೆ ಬೂಟು, ಒಂದು ಕಾಲು ಬರಿ, ಟಕ್ ಎಂದು ಒಂದು ಹೆಜ್ಜೆ, ಪಚ್ ಎಂದು ಇನ್ನೊಂದು. ಪಕ್ಕದ ಬಾಗಿಲಿನಿಂದ ಆಚೆ ಹೋಗಿ, ಮಣ್ಣಿನಲ್ಲಿ ಹಾದು, ಕಕ್ಕಸಿನ ಪಕ್ಕದ ನಲ್ಲಿಯಿಂದ ನೆಲ ಒರೆಸುವ ನೀಲಿ ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡು ಬಂದರು. ರೇಷ್ಮೆ ಜುಬ್ಬಾದ ಅಂಚು ಒದ್ದೆ. ನಾನು ಹಿಂದಿನ ದಿನ ಅಷ್ಟು ಹೊತ್ತು ತಿಕ್ಕಿ ಬೆಳಗಿದ, ಪನ್ನೀರಿನಲ್ಲಿ ಎರಡು ಸಲ ತೊಳೆಸಿಕೊಂಡ ಆ ಪಾದ ಕಣಕಾಲಿನವರೆಗೆ ಕೆಸರು. ಹೊಸ ಟೈಲ್ಸಿನ ಮೇಲೆ ಅದರ ಗುರುತು ಪೀಠದವರೆಗೂ ಬಂದಿತ್ತು.

ಸ್ವಾಮಿಗಳು ಬಕೆಟ್ಟಿನಿಂದ ಬೊಗಸೆಯಲ್ಲಿ ನೀರು ಮೊಗೆದು ಚಿಕ್ಕಪ್ಪನ ಕಾಲು ತೊಳೆದರು. ಪಾದ, ಹಿಮ್ಮಡಿ, ಬೆರಳಿಲ್ಲದ ಜಾಗ. ಮುತ್ತಿಟ್ಟರೋ ಇಲ್ಲವೋ ನನಗೆ ಕಾಣಲಿಲ್ಲ, ದಿವ್ಯಕುಮಾರರ ಬೆನ್ನು ಅಡ್ಡ ನಿಂತಿತ್ತು. ಆ ಬೆನ್ನು ಜೀವಮಾನವೆಲ್ಲ ಮಾಡಿದ್ದು ಅದನ್ನೇ. ಯೂಟ್ಯೂಬಿನಲ್ಲೂ ಆ ಮುತ್ತು ಸಿಕ್ಕುವುದಿಲ್ಲ. ಹಾಡುವವರು ಒಂದೇ ಪಲ್ಲವಿಯನ್ನು ತಿರುಗಿಸಿ ತಿರುಗಿಸಿ ಹಾಡುವುದು ಮಾತ್ರ ಇದೆ, ಹಿಂದೆ ಎಲ್ಲೋ ನೀರಿನ ಸದ್ದು.

ಆಟೋದಲ್ಲಿ ಬರುವಾಗ ಚಿಕ್ಕಪ್ಪ ಕಾಲನ್ನು ಸೀಟಿನ ಮೇಲೆ ಇಟ್ಟುಕೊಂಡು, “ನೀರು ತಣ್ಣಗಿತ್ತು ಕಣವ್ವ,” ಎಂದು ಗೊಣಗಿದ. “ನಾನಾಗಿದ್ರೆ ಕಾಯಿಸ್ತಿದ್ದೆ.” ಹಬ್ಬವಾಯಿತು ಅನ್ನುವ ಸಂತೋಷ ಮುಖದ ತುಂಬ ಇತ್ತು.

ಶನಿವಾರ ಮಧ್ಯಾಹ್ನ ಷಟರಿನ ಕೆಳಗೆ ಯಾರೋ ಬಗ್ಗಿದರು. ದಿವ್ಯಕುಮಾರರು. ಕುಂಟುತ್ತಿದ್ದರು.

“ನಿಮ್ಮ ಚಿಕ್ಕಪ್ಪ ಇಡೀ ಪ್ರೋಗ್ರಾಮ್ ಕೆಡಿಸಿದ್ರು,” ಎಂದು ಶುರುಮಾಡಿದರು. ಕುರ್ಚಿ ಎಳೆದುಕೊಂಡು ಕೂತು ದನಿ ಇಳಿಸಿದರು. “ಅವತ್ತು ಕತ್ತಲೇಲಿ ಏನೋ ಚುಚ್ಚಿದೆ ಕಣಮ್ಮ. ಗಾಜೋ ಮುಳ್ಳೋ. ಊರಕ್ಕೇ ಆಗ್ತಿಲ್ಲ. ನಾಳೆ ಪಾಸ್ಕ, ನಾನೇ ಬೈಬಲ್ ಓದಬೇಕು. ಸ್ವಲ್ಪ ನೋಡ್ಬಿಡು.”

“ಇವತ್ತು ಅಂಗಡಿ ಇಲ್ಲ ಸಾರ್.”

“ಅಂಗನ್ಬೇಡ ಮೇರಿ.”

ಪುಟ್ಟಲಿಂಗಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. “ಎಡಗಾಲು ಚಾಚಿ ಸಾರ್,” ಎಂದಳು. “ಯಾವ ಕಾಲಾದ್ರೇನು.”

ನಾನು ಷಟರು ತೋರಿಸುವುದರಲ್ಲಿದ್ದೆ. ಹಿಂದಿನ ಕೋಣೆಯಿಂದ ಚಿಕ್ಕಪ್ಪ ಕೆಮ್ಮಿದ. ಸೋಮವಾರದ ಬಟ್ಟೆ ಬ್ಯಾಗಿಗೆ ತುಂಬಿಕೊಳ್ಳುತ್ತಿದ್ದ ಅವನು.

“ತೊಳಿಯವ್ವ,” ಎಂದ. “ಇಂಥೋರು ಅಂತ ಗೊತ್ತಿದ್ದೇ ತೊಳೀಬೇಕಾದ್ದು. ಇಲ್ಲದಿದ್ರೆ ಬರೀ ಪಾರ್ಲರು.”

ಈ ಹಬ್ಬ ಎಷ್ಟು ಕೆಟ್ಟದ್ದು ಎಂದು ನನಗೆ ಆಗ ಗೊತ್ತಾಯಿತು. ಪ್ರೀತಿಸುವವರ ಕಾಲು ತೊಳೆ ಎಂದಿದ್ದರೆ ಯಾರು ಬೇಕಾದರೂ ತೊಳೆದಾರು. ಯೂದಾಸನೇ ಬಂದು ಎದುರಿಗೆ ಕೂತು, ನಾಳೆ ಬೈಬಲ್ ಓದಬೇಕು ಬೇಗ ಮುಗಿಸು ಅನ್ನುವಾಗ ತೊಳೆಯುವುದಿದೆಯಲ್ಲ, ಅದಕ್ಕೆ ಯಾವ ಸಿಂಬಾಲಿಕ್ಕೂ ಇಲ್ಲ. ನನ್ನ ಮನಸ್ಸಿನಲ್ಲಿ ದಯೆ ಹುಟ್ಟಲಿಲ್ಲ. ಆ ಮನುಷ್ಯನನ್ನು ಕಂಡರೆ ನನಗೆ ಅಂದೂ ಅಸಹ್ಯ, ಇಂದೂ ಅಸಹ್ಯ.

ಟಬ್ಬು ಎಳೆದೆ. ನಲ್ಲಿ ನೀರು ಹಿಡಿದೆ, ಒಂದು ಚೊಂಬು ಬಿಸಿನೀರು ಬೆರೆಸಿದೆ, ಚಿಕ್ಕಪ್ಪ ಕಾಯಿಸುತ್ತಿದ್ದಷ್ಟೇ ಹದಕ್ಕೆ. ಸ್ಟೂಲಿನ ಮೇಲೆ ಕೂತು ಸೆರಗು ಸಿಕ್ಕಿಸಿಕೊಂಡೆ. ದಿವ್ಯಕುಮಾರರು ಬೂಟಿನಿಂದ ಕಾಲು ತೆಗೆದು ನನ್ನ ಮುಂದೆ ಚಾಚಿದರು, ಬೂದು ಬಣ್ಣದ ಸಾಕ್ಸಿನ ಸಮೇತ.

“ಸಾಕ್ಸ್ ಬಿಚ್ಚಿ ಸಾರ್,” ಎಂದೆ. “ಕಾಲು ಒಳಗೈತೆ.”